ಹನ್ನೊಂದನೆಯ ಪ್ರಶ್ನೆ

ಹೆಸರು ಸರಿ. ಎತ್ತರ ಸರಿ.
ಎಡಗೆನ್ನೆಯ ಮಚ್ಚೆ ಕೂಡ ಸರಿ.
ಊರು ಹಾಸನ, ತಂದೆ ಜವರಯ್ಯ, ಅದೂ ಸರಿ,
ಅಪ್ಪನ ಕೆಲಸದ ಜಾಗದಲ್ಲಿ ಮಾತ್ರ 'ವ್ಯಾಪಾರ' ಅಂತ ತುಂಬಿದ್ದಾನೆ ಯತೀಶ,
ಆಲೂಗಡ್ಡೆ ಮೂಟೆ ಹೊತ್ತವನಿಗೂ ಮಂಡಿಯ ಮರ್ಯಾದೆ ಇರಲಿ ಅಂತ.
ನಕ್ಕುಬಿಟ್ಟೆ.

ಹನ್ನೊಂದನೆಯ ಪ್ರಶ್ನೆಗೆ ಬಂದಾಗ ನಗು ನಿಂತಿತು.
ನಿಮಗೆ ಎಂದಾದರೂ ಕ್ಷಯ ಇತ್ತೇ?
ಇಲ್ಲ.
ಚೌಕದೊಳಗೆ ಆರಾಮಾಗಿ ಕೂತಿತ್ತು ಆ ಗೀಟು,
ನನ್ನನ್ನು ಒಂದು ಮಾತೂ ಕೇಳದೆ.

"ಯಾರ್ ನೋಡ್ತಾರೆ ಸಿಸ್ಟರ್,
ಇಪ್ಪತ್ತಮೂರು ವರ್ಷದ ಹಿಂದಿನ ಕತೆ.
ಹೌದು ಅಂದ್ರೆ ಇನ್ನೂ ಹತ್ತು ಕಾಗದ ಕೇಳ್ತಾರೆ.
ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಾ?"
ಮಹಾವೀರ ಸರ್ಕಲ್ಲಿನ ಆ ಮಹಡಿಯಲ್ಲಿ
ಫ್ಯಾನಿನ ಗಾಳಿಗೆ ಹಾರುವ ನನ್ನ ಅರ್ಜಿಯ ಮೇಲೆ
ಸ್ಟೇಪ್ಲರ್ ಇಟ್ಟು ಹೇಳಿದ.

ಯಾರು ನೋಡುತ್ತಾರೆಂದು ನನಗೆ ಗೊತ್ತು.
ಎಕ್ಸರೇ ನೋಡುತ್ತೆ.
ರಾತ್ರಿಪಾಳಿಯಲ್ಲಿ ಬೆಳಕಿಗೆ ಹಿಡಿದು ನಾನೇ ನೋಡಿದ್ದೇನೆ:
ಬಲ ಶ್ವಾಸಕೋಶದ ನೆತ್ತಿಯಲ್ಲಿ ಒಂದು ಬಿಳಿ ಚುಕ್ಕೆ,
ಮೊರದ ಮೂಲೆಗೆ ಉಳಿದ ನುಚ್ಚಿನಷ್ಟು.
ಮೈ ತನ್ನ ಪಾಡಿಗೆ ಬರೆದಿಟ್ಟುಕೊಂಡಿದೆ.

ಆದರೂ ಯತೀಶನನ್ನು ಬೈಯಲು ಬಾಯಿ ಬರಲಿಲ್ಲ.
ಆ 'ಇಲ್ಲ' ನನಗೆ ಹಳೆಯ ಪರಿಚಯ.
ನಮ್ಮವ್ವನ ಬಾಯಲ್ಲಿ ಬೆಳೆದದ್ದು.
ನಲ್ಲಿಯ ಸಾಲಿನಲ್ಲಿ ಬಿಂದಿಗೆ ಇಟ್ಟವರು ಕೇಳಿದಾಗ
"ಮಗೀಗೇನಿಲ್ಲ ಕನವ್ವ, ಸೀತದ ಕೆಮ್ಮು" ಅಂದದ್ದು.
ಹೆಣ್ಣು ನೋಡಲು ಬಂದ ಬೇಲೂರಿನವರು
ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು
"ಹುಡುಗೀಗೆ ಕಾಯ್ಲೆ ಗೀಯ್ಲೆ ಏನಾದ್ರೂ?" ಅಂದಾಗ
ಒಳಗಿಂದ ನಾನು ಕೇಳಿಸಿಕೊಂಡದ್ದು.
ಹೊರಗೆ ಎಲ್ಲರಿಗೂ ಇಲ್ಲ.
ಒಳಗೆ ನನ್ನ ಲೋಟದ ಕಂಠಕ್ಕೆ
ಗುರುತಿಗೆಂದು ಕೆಂಪು ನೂಲು.

ಸೋಮವಾರ, ಬುಧವಾರ, ಶುಕ್ರವಾರ.
ಸಿಸಿಲಿಯಮ್ಮನ ಎದುರಿಗೇ ನುಂಗಬೇಕು.
"ಬಾಯಿ ತೆಗಿ. ನಾಲ್ಗೆ ಎತ್ತು. ಹಂ, ಓಡು."
ಮೊದಲ ದಿನ ಉಚ್ಚೆ ಕೆಂಪಾದದ್ದು ಕಂಡು
ಸಾಯುತ್ತೇನೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಿದ್ದೆ.
ಅವಳು ತನ್ನ ಬುತ್ತಿಯ ಮೊಟ್ಟೆಯಲ್ಲಿ ಅರ್ಧ ಮುರಿದು ಕೊಟ್ಟು
"ಮಾತ್ರೆ ಬಣ್ಣ ಕಣೇ ಅದು, ಕೆಲ್ಸ ಮಾಡ್ತಿದೆ" ಅಂದಳು.
ನಾನು ನರ್ಸಾದದ್ದು ಆ ಅರ್ಧ ಮೊಟ್ಟೆಯಿಂದ.
ಯಾವ ಸಂದರ್ಶನದಲ್ಲೂ ಹೇಳಿಲ್ಲ.

ಆ ಕಾರ್ಡು ಎಲ್ಲಿ ಅಂತ ನಿನ್ನೆ ಕೇಳಿದೆ.
ಅವ್ವ ಮಾತಾಡದೆ ಎದ್ದು ಟ್ರಂಕು ಎಳೆದಳು.
ತಳಕ್ಕೆ ಹಾಸಿದ ಪೇಪರು, ಅದರಡಿ
ಅಪ್ಪನ ಮರಣಪತ್ರ, ಅದರಡಿ
ಮಡಿಕೆಯಲ್ಲೆಲ್ಲ ಹರಿದ ಹಳದಿ ಕಾರ್ಡು:
ಆರು ತಿಂಗಳ ಅಡ್ಡಗೀಟು, ಕೊನೆಗೆ ಡಾಕ್ಟರ ಕೈಬರಹ, 'ಗುಣವಾಗಿದೆ'.
ಇಲ್ಲ ಇಲ್ಲ ಅನ್ನುತ್ತಲೇ
ಇಷ್ಟು ವರ್ಷ ಕಾಪಾಡಿದ್ದಾಳೆ, ಕರ್ಪೂರದ ಗುಳಿಗೆ ಹಾಕಿ.

ತಿದ್ದುಪಡಿಗೆ ಕೊಟ್ಟ ಜಾಗ ಎರಡು ಬೆರಳಗಲ.
ಕಾರಣ ತಿಳಿಸಿ.
ನೂಲು ಅಲ್ಲಿ ಹಿಡಿಸುವುದಿಲ್ಲ. ಬೇಲೂರಿನವರೂ ಹಿಡಿಸುವುದಿಲ್ಲ.
ಬರೆಸಿದೆ: ಮೊದಲು ಕೊಟ್ಟ ಉತ್ತರ ತಪ್ಪು.
ಒಂಬತ್ತನೆಯ ವಯಸ್ಸಿನಲ್ಲಿ ಇತ್ತು.
ಆರು ತಿಂಗಳ ಔಷಧಿ, ಪೂರ್ತಿ ತೆಗೆದುಕೊಂಡಿದ್ದೇನೆ.
'ಪೂರ್ತಿ'ಯ ಕೆಳಗೆ ಒಂದು ಗೆರೆ ಎಳೆಯಲು ಬರುತ್ತಾ ಅಂದೆ.
ಬರಲ್ಲ ಸಿಸ್ಟರ್, ಅಂದ.
ಹಾಗಾದರೆ ಮೇಲೆ ಹೋಗು, ಅಪ್ಪನ ಕೆಲಸ ಅಳಿಸು,
ಹಮಾಲಿ ಅಂತ ಹಾಕು.
ಆ ಪದಕ್ಕೆ ಇಂಗ್ಲಿಷಿನಲ್ಲಿ ಏನು ಅಂತ
ಇಬ್ಬರೂ ಸ್ವಲ್ಪ ಹೊತ್ತು ಹುಡುಕಿದೆವು.

ಮನೆ ಮುಟ್ಟುವಾಗ ಕತ್ತಲಾಗಿತ್ತು.
ವೀಸಾ ಸಿಗುತ್ತದೋ ಇಲ್ಲವೋ, ಅವ್ವ ಕೇಳಲಿಲ್ಲ.
ಮುದ್ದೆ ಬಡಿಸಿ, ಸಾರಿನ ಸೌಟು ಕೈಯಲ್ಲೇ ಹಿಡಿದು,
"ಅಲ್ಲೂವೆ ನಿಂಗೆ ಲೋಟ ಬ್ಯಾರೆ ಮಡಗ್ತಾರ?" ಅಂದಳು.